ಚೆಂಡು ಎಲ್ಲಿ ಬೀಳುತ್ತದೆಂದು ಫೀಲ್ಡರನಿಗೆ ಗೊತ್ತಿರುತ್ತದೆಯೇ?

ಕಂಪ್ಯೂಟರ್ ಕ್ರಿಕೆಟ್ಟಿನಲ್ಲಿ ಬೌಂಡರಿ ಕಾಯುವ ಫೀಲ್ಡರನಿಗೆ ತಬ್ಬಿಬ್ಬಾಗುವುದೇ ಗೊತ್ತಿಲ್ಲ. ಬ್ಯಾಟಿಗೆ ಚೆಂಡು ತಗುಲಿದ್ದೇ ತಡ, ಅವನು ಓಡತೊಡಗುತ್ತಾನೆ. ಅದೂ ಅಡ್ಡಾದಿಡ್ಡಿಯಾಗಿ ಅಲ್ಲ, ಗೆರೆ ಎಳೆದಂತೆ ನೇರವಾಗಿ, ಚೆಂಡು ಬೀಳಲಿರುವ ಜಾಗಕ್ಕೇ. ಅಲ್ಲಿ ಹೋಗಿ, ಮುಂಗಡ ಟಿಕೀಟು ತೆಗೆಸಿದ ಪ್ರಯಾಣಿಕ ಬಸ್ಸಿಗೆ ನಿಂತ ಹಾಗೆ ನಿಶ್ಚಿಂತೆಯಿಂದ ನಿಲ್ಲುತ್ತಾನೆ. 2006ರ ಕೊನೆಯಲ್ಲಿ ಬಂದ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಆಟವನ್ನು ಸೈಬರ್ ಕೆಫೆಗಳಲ್ಲಿ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ ತಲೆಮಾರಿಗೆ ಈ ಫೀಲ್ಡರ್ ಚೆನ್ನಾಗಿ ಗೊತ್ತು. ಆಟೋ ಫೀಲ್ಡಿಂಗ್ ಇಟ್ಟುಕೊಂಡರೆ ಆಡುವವನಿಗೆ ಓಡಿಸುವ ಕೆಲಸವೂ ಇಲ್ಲ. ಬೇಸ್‌ಬಾಲಿನ ವಿಡಿಯೊ ಗೇಮುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಚೆಂಡು ಇನ್ನೂ ಆಕಾಶದಲ್ಲಿರುವಾಗಲೇ ಅದು ಬೀಳುವ ಜಾಗದಲ್ಲಿ ಹುಲ್ಲಿನ ಮೇಲೊಂದು ಗುರುತು ಮೂಡುತ್ತದೆ. ಅಲ್ಲಿಗೆ ಹೋಗಿ ನಿಂತರೆ ಮುಗಿಯಿತು.

ಈಗ ವಿಜಯಪುರ ಜಿಲ್ಲೆಯ, ಸುಗ್ಗಿ ಮುಗಿದ ಮೇಲಿನ ತಿಕೋಟಾಕ್ಕೆ ಬನ್ನಿ. ಬಿಳಿಜೋಳ ಕಿತ್ತ ಎರಿ ಹೊಲದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಒಂದು ಕಡೆ ದ್ರಾಕ್ಷಿ ಪಡ, ಇನ್ನೊಂದು ಕಡೆ ಹಾದಿ, ಉಳಿದದ್ದೆಲ್ಲ ಬಯಲು. ಬ್ಯಾಟ್ಸ್‌ಮನ್ ಎತ್ತಿ ಹೊಡೆದಾಗ ಚೆಂಡಿನ ಹಿಂದೆ ಮರವಿಲ್ಲ, ಮನೆಯಿಲ್ಲ, ಬೆಳ್ಳಗೆ ಕಾದ ಆಕಾಶ ಒಂದೇ. “ಹಿಂದ ಸರಿಯಲೇ, ಹಿಂದ!” ಎಂದು ನಾಲ್ಕು ಮಂದಿ, “ಮುಂದ ಬಾ, ಮುಂದ!” ಎಂದು ಇನ್ನು ನಾಲ್ಕು ಮಂದಿ. ಹುಡುಗ ಎರಡು ಹೆಜ್ಜೆ ಮುಂದೆ ಬಂದು, ಗಕ್ಕನೆ ನಿಂತು, ತಿರುಗಿ ಹಿಂದಕ್ಕೆ ಓಡುತ್ತಾನೆ. ಬೇಸಿಗೆಯ ಎರಿ ಮಣ್ಣಿನಲ್ಲಿ ಕಾಲು ಸಿಗುವಷ್ಟು ಬಿರುಕು. ಅದನ್ನು ನೋಡಿಕೊಂಡು ಓಡಿದರೆ ಚೆಂಡು ಕಣ್ತಪ್ಪುತ್ತದೆ, ಚೆಂಡು ನೋಡಿಕೊಂಡು ಓಡಿದರೆ ಪಾದ ತಿರುಚುತ್ತದೆ. ಕ್ಯಾಚು ಬಿಟ್ಟರೆ ಎಲ್ಲರದೂ ಒಂದೇ ತೀರ್ಪು: ‘ಜಡ್ಜ್ ಆಗಲಿಲ್ಲ.’

ಈ ‘ಜಡ್ಜ್’ ಆಗುವುದೆಂದರೆ ಏನು? ಕಣ್ಣು ಯಾವುದನ್ನು ಅಳೆಯುತ್ತದೆ, ಕಾಲಿಗೆ ಏನೆಂದು ಅಪ್ಪಣೆ ಕೊಡುತ್ತದೆ? ಸಣ್ಣ ಪ್ರಶ್ನೆಯಂತೆ ಕಂಡರೂ ಭೌತವಿಜ್ಞಾನಿಗಳೂ ಮನಶ್ಶಾಸ್ತ್ರಜ್ಞರೂ ಇದರ ಮೇಲೆ ನಾಲ್ಕು ದಶಕ ಜಗಳವಾಡಿದ್ದಾರೆ. ಕೊನೆಗೆ ಅದು ಒಂದು ಹದಕ್ಕೆ ಬಂದದ್ದು ಮೈದಾನದಲ್ಲಿ ಅಲ್ಲ, ಒಂದು ಬಗೆಯ ವಿಡಿಯೊ ಗೇಮಿನೊಳಗೆ.

ಎಸೆಯುವವನ ಲೆಕ್ಕ ಮನುಷ್ಯನಿಗೆ ಮೊದಲೇ ಸಿಕ್ಕಿತ್ತು. ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಕೂತಿರುವ ಮಲಿಕ್ ಎ ಮೈದಾನ ತೋಪನ್ನೇ ನೋಡಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು 1632ರಲ್ಲಿ ಪರಂಡಾದಿಂದ ಇಲ್ಲಿಗೆ ಬಂತು. ಗುಂಡು ಗಾಳಿಯಲ್ಲಿ ಪರವಲಯದ ದಾರಿಯಲ್ಲಿ ಸಾಗುತ್ತದೆಂದು ಗೆಲಿಲಿಯೊ ಪುಸ್ತಕದಲ್ಲಿ ಪ್ರಕಟಿಸಿದ್ದು 1638ರಲ್ಲಿ. ಅಂದರೆ ತೋಪು ಬುರುಜು ಏರಿದ ಮೇಲೆ ಅದರ ಗಣಿತ ಅಚ್ಚಾಯಿತು. ತೋಪಿನವನಿಗೆ ಬೇಕಾದದ್ದು ಒಂದೇ: ಗುಂಡು ಎಲ್ಲಿ ಬೀಳುತ್ತದೆ? ವೇಗ, ಕೋನ, ಗುರುತ್ವ ಗೊತ್ತಿದ್ದರೆ ಉತ್ತರ ಬರುತ್ತದೆ. ವಿಡಿಯೊ ಗೇಮಿನ ಫೀಲ್ಡರ್ ಈ ತೋಪಿನವನ ವಂಶಸ್ಥ. ಚೆಂಡಿಗೆ ವೇಗ ಕೊಟ್ಟದ್ದೂ ಕಂಪ್ಯೂಟರು, ಕೋನ ಕೊಟ್ಟದ್ದೂ ಕಂಪ್ಯೂಟರು. ಬೀಳುವ ಜಾಗ ಅದಕ್ಕೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಹೊಲದಲ್ಲಿ ನಿಂತ ಹುಡುಗನ ಕೈಯಲ್ಲಿ ಈ ಯಾವ ಅಂಕಿಯೂ ಇಲ್ಲ. ಎಷ್ಟೋ ದೂರದ ಒಂದು ಚುಕ್ಕಿ ಮೇಲೇರುತ್ತಿರುವುದಷ್ಟೇ ಅವನಿಗೆ ಕಾಣುತ್ತದೆ.

ಹಾಗಿದ್ದೂ ಹಿಡಿಯುತ್ತಾರೆ. ಬೇಸ್‌ಬಾಲಿನಲ್ಲಿ ‘ದಿ ಕ್ಯಾಚ್’ ಎಂದರೆ ಸಾಕು, ಯಾವುದೆಂದು ಯಾರೂ ಕೇಳುವುದಿಲ್ಲ. 1954ರ ಸೆಪ್ಟೆಂಬರ್ 29, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್, ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ನ್ಯೂಯಾರ್ಕ್ ಜೈಂಟ್ಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡ ಎಂಟನೇ ಇನಿಂಗ್ಸ್‌ನಲ್ಲಿ 2-2ರ ಸಮ. ಕ್ಲೀವ್‌ಲ್ಯಾಂಡಿನ ಇಬ್ಬರು ಬೇಸುಗಳ ಮೇಲೆ ಓಡಲು ಸಜ್ಜಾಗಿ ನಿಂತಿದ್ದಾರೆ. ವಿಕ್ ವರ್ಟ್ಜ್ ಹೊಡೆದ ಚೆಂಡು ನಡು ಮೈದಾನದ ಆಳಕ್ಕೆ ಹೋಯಿತು. ಆ ಮೈದಾನದ ಆಕಾರವೇ ವಿಚಿತ್ರ. ನಡುವಿನ ಗೋಡೆ 483 ಅಡಿ, ಅಂದರೆ 147 ಮೀಟರ್ ದೂರ. ನಮ್ಮ ದೊಡ್ಡ ಕ್ರಿಕೆಟ್ ಬೌಂಡರಿಯೂ ಸಾಮಾನ್ಯವಾಗಿ 90 ಮೀಟರ್ ದಾಟುವುದಿಲ್ಲ. 23 ವರ್ಷದ ವಿಲ್ಲಿ ಮೇಸ್ ಚೆಂಡಿಗೆ ಬೆನ್ನು ಹಾಕಿ ಗೋಡೆಯತ್ತ ಓಡಿದ, ಹೆಗಲ ಮೇಲಿಂದ ಬಂದ ಚೆಂಡನ್ನು ಮುಂದೆ ಚಾಚಿದ ಕೈಗೆ ಇಳಿಸಿಕೊಂಡ, ಗಿರ್ರನೆ ತಿರುಗಿ ಎಸೆದ. ತಲೆಯ ಟೋಪಿ ಹಾರಿಹೋಯಿತು. ಬೇಸುಗಳ ಮೇಲಿದ್ದ ಇಬ್ಬರಲ್ಲಿ ಲ್ಯಾರಿ ಡೋಬಿ ಮೂರನೇ ಬೇಸಿಗೆ ಬಂದನೇ ಹೊರತು ರನ್ ಆಗಲಿಲ್ಲ. ಹತ್ತನೇ ಇನಿಂಗ್ಸ್‌ನಲ್ಲಿ ಜೈಂಟ್ಸ್ 5-2ರಿಂದ ಗೆದ್ದರು. ಆ ವರ್ಷ 111 ಪಂದ್ಯ ಗೆದ್ದು ಬಂದಿದ್ದ ಕ್ಲೀವ್‌ಲ್ಯಾಂಡನ್ನು ಸರಣಿಯಲ್ಲಿ 4-0ರಿಂದ ಮಲಗಿಸಿದರು. ಚೆಂಡು ಕೈಗೆ ಸಿಗುತ್ತದೆಂಬುದರಲ್ಲಿ ತನಗೆ ಅನುಮಾನವೇ ಇರಲಿಲ್ಲ, ಓಡುತ್ತ ಚಿಂತಿಸಿದ್ದು ಆಮೇಲಿನ ಎಸೆತದ ಬಗ್ಗೆ ಎಂದು ಮೇಸ್ ಮುಂದೆ ಹಲವು ಸಲ ಹೇಳಿದ್ದ. ಹಾಗಾದರೆ ಅವನಿಗೆ ಏನು ಗೊತ್ತಿತ್ತು?

ಮೊದಲ ಒಳ್ಳೆಯ ಉತ್ತರ ಬಂದದ್ದು 1968ರಲ್ಲಿ. ಸೆವಿಲ್ ಚಾಪ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಬೇಸ್‌ಬಾಲ್ ಹಿಡಿಯುವುದರ ಬಗ್ಗೆ ಒಂದು ಲೇಖನ ಬರೆದ. ಅವನು ಪ್ರಶ್ನೆಯನ್ನೇ ಬದಲಿಸಿದ. ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಬಿಟ್ಟು, ಸರಿಯಾದ ಜಾಗದಲ್ಲಿ ನಿಂತವನ ಕಣ್ಣಿಗೆ ಚೆಂಡು ಹೇಗೆ ಕಾಣುತ್ತದೆ ಎಂದು ಕೇಳಿಕೊಂಡ.

ನಮ್ಮ ಅಳತೆಯಲ್ಲೇ ಮಾಡಿ ನೋಡೋಣ. ಗಾಳಿಯ ತಡೆಯನ್ನು ಸದ್ಯ ಮರೆಯೋಣ. ಬ್ಯಾಟಿನಿಂದ ಹೊರಟ ಚೆಂಡು ಸೆಕೆಂಡಿಗೆ 14 ಮೀಟರ್ ಮುಂದಕ್ಕೂ 24.5 ಮೀಟರ್ ಮೇಲಕ್ಕೂ ಹೋಗುತ್ತಿದೆ ಅನ್ನಿ. ಅದು ಐದು ಸೆಕೆಂಡು ಗಾಳಿಯಲ್ಲಿದ್ದು 70 ಮೀಟರಿಗೆ ಬೀಳುತ್ತದೆ. ಸರಿಯಾಗಿ ಅಲ್ಲೇ ನಿಂತವನು ಚೆಂಡನ್ನು ನೋಡಲು ಎಷ್ಟು ಕತ್ತೆತ್ತಬೇಕು? ಆ ಕೋನದ ‘ಟ್ಯಾನ್’ ಬೆಲೆ, ಅಂದರೆ ಚೆಂಡಿನ ಎತ್ತರವನ್ನು ಅದರ ದೂರದಿಂದ ಭಾಗಿಸಿದರೆ ಬರುವುದು, ಮೊದಲ ಸೆಕೆಂಡಿಗೆ 0.35, ಎರಡನೆಯದಕ್ಕೆ 0.70, ಮೂರಕ್ಕೆ 1.05, ನಾಲ್ಕಕ್ಕೆ 1.40. ಪ್ರತಿ ಸೆಕೆಂಡಿಗೆ 0.35, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಚೆಂಡು ನೆತ್ತಿ ಮುಟ್ಟಿ ಕೆಳಗಿಳಿಯತೊಡಗಿದರೂ ಹಿಡಿಯುವವನ ಕಣ್ಣಿಗೆ ಅದು ಏರುತ್ತಲೇ ಇರುತ್ತದೆ, ಅದೇ ಗತಿಯಲ್ಲಿ.

ಅದೇ ಚೆಂಡಿಗೆ ಒಬ್ಬ ಹತ್ತು ಮೀಟರ್ ಮುಂದೆ, 60 ಮೀಟರಿನಲ್ಲಿ ನಿಂತಿದ್ದರೆ ಬೆಲೆಗಳು 0.43, 0.92, 1.63, 4.9. ಏರಿಕೆ ಜೋರಾಗುತ್ತ ಹೋಗಿ ಚೆಂಡು ತಲೆಯ ಮೇಲಿಂದ ಹಾರುತ್ತದೆ. ಹತ್ತು ಮೀಟರ್ ಹಿಂದೆ, 80ರಲ್ಲಿ ನಿಂತವನಿಗೆ 0.30, 0.57, 0.77, 0.82. ಏರಿಕೆ ಸೊರಗುತ್ತ ಬಂದು ಚೆಂಡು ಮುಂದೆಯೇ ಬೀಳುತ್ತದೆ. ಹಾಗಾಗಿ ಫೀಲ್ಡರನ ಕೆಲಸ ಇಷ್ಟೇ: ಚೆಂಡಿನ ಏರಿಕೆ ಜೋರಾಗುತ್ತಿದ್ದರೆ ಹಿಂದೆ ಸರಿ, ಸೊರಗುತ್ತಿದ್ದರೆ ಮುಂದೆ ಬಾ. ವೇಗ ಬೇಡ, ಕೋನ ಬೇಡ, ದೂರ ಬೇಡ, ಗುರುತ್ವ ಬೇಡ. ಬೀಳುವ ಜಾಗವಂತೂ ಬೇಡವೇ ಬೇಡ. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಸುಂದರವಾಗಿ ಕಂಡದ್ದು ಇದೇ. ತೋಪಿನವನ ಗಣಿತವನ್ನು ತಿರುವಿ ಹಾಕಿದರೆ ಅದರಲ್ಲಿದ್ದ ಕಷ್ಟವೆಲ್ಲ ಉದುರಿಹೋಗಿ, ಹತ್ತು ವರ್ಷದ ಹುಡುಗನೂ ಮಾಡಬಹುದಾದ ಒಂದು ನೋಟ ಉಳಿಯುತ್ತದೆ.

ಆದರೆ ಗಾಳಿ ಇದೆಯಲ್ಲ. ಬ್ರೂಕ್ಲಿನ್ ಕಾಲೇಜಿನ ಪೀಟರ್ ಬ್ರಾಂಕಾಜಿಯೊ 1985ರಲ್ಲಿ ಆಕ್ಷೇಪ ಎತ್ತಿದ. ಗಾಳಿ ತಡೆದಾಗ ಚೆಂಡಿನ ದಾರಿ ಪರವಲಯವಾಗಿ ಉಳಿಯುವುದಿಲ್ಲ. ಏರುವಾಗ ಉದ್ದಕ್ಕೆ ಹೋಗಿ, ಇಳಿಯುವಾಗ ಕಡಿದಾಗಿ ಬೀಳುತ್ತದೆ. ಸರಿಯಾದ ಜಾಗದಲ್ಲಿ ನಿಂತವನ ಕಣ್ಣಿಗೂ ಏರಿಕೆಯ ಗತಿ ಒಂದೇ ಸಮ ಇರುವುದಿಲ್ಲ. ಈ ಮಾತು ನಮ್ಮ ಹೊಲದ ಆಟಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಲೆದರ್ ಚೆಂಡು ಸುಮಾರು 160 ಗ್ರಾಂ, ಟೆನಿಸ್ ಚೆಂಡು 58 ಗ್ರಾಂ. ಗಾತ್ರ ಮಾತ್ರ ಹೆಚ್ಚು ಕಡಿಮೆ ಒಂದೇ. ಒಂದೇ ವೇಗದಲ್ಲಿ ಗಾಳಿಗೆ ಸಿಕ್ಕರೆ ಟೆನಿಸ್ ಚೆಂಡು ಎರಡು ಪಟ್ಟಿಗೂ ಮಿಕ್ಕಿ ಬೇಗ ಸೋಲುತ್ತದೆ. ತಿಕೋಟಾದಲ್ಲಿ ಟೆನಿಸ್ ಬಾಲಿನಲ್ಲಿ ಪಳಗಿದ ಹುಡುಗ ವಿಜಯಪುರದ ಸ್ಟೇಡಿಯಮ್ಮಿಗೆ ಬಂದು ಮೊದಲ ಸಲ ಲೆದರ್ ಚೆಂಡಿನ ಕೆಳಗೆ ನಿಂತರೆ, ಅದು ತಲೆಯ ಮೇಲಿಂದ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಬ್ರಾಂಕಾಜಿಯೊನ ಆಕ್ಷೇಪಕ್ಕೆ ಉತ್ತರ ಇಂಗ್ಲೆಂಡಿನಿಂದ ಬಂತು. ಪೀಟರ್ ಮೆಕ್‌ಲಿಯಡ್ ಮತ್ತು ಜೋಲ್ಟಾನ್ ಡೀನೆಸ್ ಯಂತ್ರದಿಂದ ಚೆಂಡು ಹಾರಿಸಿ, ನುರಿತವರು ಅದರ ಹಿಂದೆ ಮುಂದೆ ಓಡುವುದನ್ನು ವಿಡಿಯೊ ಮಾಡಿ, ಚೌಕಟ್ಟು ಚೌಕಟ್ಟಾಗಿ ಅಳೆದರು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶ ಗೇಮಿನ ಫೀಲ್ಡರನನ್ನು ಸುಳ್ಳು ಮಾಡಿತು. ಮನುಷ್ಯರು ಚೆಂಡು ಬೀಳುವ ಜಾಗಕ್ಕೆ ಮೊದಲೇ ಓಡಿಹೋಗಿ ಕಾಯುವುದಿಲ್ಲ. ಚೆಂಡೂ ಅವರೂ ಒಟ್ಟಿಗೇ ಅಲ್ಲಿಗೆ ಬರುತ್ತಾರೆ. ಓಡುತ್ತಲೇ ತಮ್ಮ ವೇಗವನ್ನು ಹೆಚ್ಚು ಕಡಿಮೆ ಮಾಡಿಕೊಂಡು, ಕಣ್ಣಿನ ಏರಿಕೆ ಕೆಡದಂತೆ ನೋಡಿಕೊಳ್ಳುತ್ತಾರೆ. ಹೀಗೆ ಓಡುವವನಿಗೆ ಗಾಳಿಯ ತಡೆ ದೊಡ್ಡ ಅಡ್ಡಿಯೇ ಅಲ್ಲ. ಚೆಂಡು ಸೋತರೆ ಏರಿಕೆ ಸೊರಗುತ್ತದೆ, ಅವನು ಮುಂದೆ ಬರುತ್ತಾನೆ. ಕಾರಣ ಗಾಳಿಯೋ ಮತ್ತೊಂದೋ, ಅವನಿಗೇನು?

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಎಲ್ಲ ಚೆಂಡೂ ಮೂಗಿನ ನೇರಕ್ಕೆ ಬರುವುದಿಲ್ಲ, ಬಹಳಷ್ಟು ಎಡಕ್ಕೋ ಬಲಕ್ಕೋ ಹೋಗುತ್ತವೆ. 1995ರಲ್ಲಿ ಮೈಕೆಲ್ ಮೆಕ್‌ಬೀತ್, ಡೆನಿಸ್ ಶಾಫರ್ ಮತ್ತು ಮೇರಿ ಕೈಸರ್ ‘ಸೈನ್ಸ್’ ಪತ್ರಿಕೆಯಲ್ಲಿ ಬೇರೆಯೇ ಸಿದ್ಧಾಂತ ಮುಂದಿಟ್ಟರು. ಓಡುವವನ ಹೆಗಲ ಮೇಲೆ ಕ್ಯಾಮರಾ ಇಟ್ಟು ನೋಡಿದ ಅವರ ಪ್ರಕಾರ ಫೀಲ್ಡರ್ ಗತಿಯನ್ನು ನೋಡುವುದಿಲ್ಲ, ಗೆರೆಯನ್ನು ನೋಡುತ್ತಾನೆ: ಹಿಂದಿನ ದೃಶ್ಯದ ಎದುರು ಚೆಂಡು ಸೊಟ್ಟಗಾಗದೆ ನೇರ ಗೆರೆಯಲ್ಲಿ ಏರುವಂತೆ ಬಾಗಿ ಬಾಗಿ ಓಡುತ್ತಾನೆ. ಶಾಫರ್ ಮತ್ತು ಜೊತೆಗಾರರು 2004ರಲ್ಲಿ ನಾಯಿಗಳ ತಲೆಗೆ ಕ್ಯಾಮರಾ ಕಟ್ಟಿ ಫ್ರಿಸ್ಬೀ ಎಸೆದು, ನಾಯಿಗಳೂ ಅದೇ ಉಪಾಯ ಮಾಡುತ್ತವೆ ಎಂದರು. ಎರಡು ಪಂಗಡವಾಯಿತು. ಮೂರನೆಯದೂ ಒಂದಿತ್ತು, ಎಲ್ಲಕ್ಕಿಂತ ಹಳೆಯದು: ಮೆದುಳು ಒಳಗೊಳಗೇ ತೋಪಿನವನ ಲೆಕ್ಕ ಮಾಡಿ ಬೀಳುವ ಜಾಗವನ್ನು ಊಹಿಸುತ್ತದೆ ಎನ್ನುವವರದು.

ಜಗಳ ತೀರದಿರಲು ಕಾರಣ ಚೆಂಡೇ. ನಿಜದ ಚೆಂಡು ಯಾವಾಗಲೂ ಪ್ರಕೃತಿಯ ಮಾತು ಕೇಳುತ್ತದೆ. ಅದು ಕೇಳುವಷ್ಟು ಕಾಲ ಮೂರು ಸಿದ್ಧಾಂತಗಳೂ ಫೀಲ್ಡರನನ್ನು ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಕಳಿಸುತ್ತವೆ. ಯಾವುದು ಸರಿಯೆಂದು ಗೊತ್ತಾಗಬೇಕಾದರೆ ನಡುದಾರಿಯಲ್ಲಿ ಮಾತು ತಪ್ಪುವ ಚೆಂಡು ಬೇಕು. ಅಂಥದು ಯಾವ ಮೈದಾನದಲ್ಲೂ ಸಿಗುವುದಿಲ್ಲ, ಕಂಪ್ಯೂಟರಿನಲ್ಲಿ ಸಿಗುತ್ತದೆ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ವಾರನ್ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ವರ್ಚುವಲ್ ರಿಯಾಲಿಟಿಯ ಒಂದು ದೊಡ್ಡ ಕೋಣೆ ಇತ್ತು. ತಲೆಗೆ ಪರದೆಯ ಸಾಧನ ತೊಟ್ಟು ಕಾಲಿಂದಲೇ ಓಡಾಡಬಹುದು. ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂಬುದನ್ನು ಕಂಪ್ಯೂಟರು ಹಿಡಿದು, ದೃಶ್ಯವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. ಫಿಲಿಪ್ ಫಿಂಕ್, ಪ್ಯಾಟ್ರಿಕ್ ಫೂ ಮತ್ತು ವಾರನ್ ಇದರೊಳಗೆ ಮೈದಾನ ಕಟ್ಟಿ, ಅನುಭವಿ ಆಟಗಾರರನ್ನು ಇಳಿಸಿ, ಇಲ್ಲದ ಚೆಂಡುಗಳನ್ನು ಹಾರಿಸಿದರು. ಕೆಲವು ಚೆಂಡು ಸಾಧುವಾಗಿ ಹೋದವು. ಕೆಲವು ಹಾರುತ್ತ ಹಾರುತ್ತಲೇ ಮೇಲೆ ಕೆಳಗಿನ ಚಲನೆಯನ್ನು ಬದಲಿಸಿ, ಭೂಮಿಯ ಮೇಲೆ ಯಾವ ಚೆಂಡೂ ಬೀಳದ ರೀತಿಯಲ್ಲಿ ಬಿದ್ದವು.

ಫಲಿತಾಂಶ 2009ರಲ್ಲಿ ‘ಜರ್ನಲ್ ಆಫ್ ವಿಷನ್’ನಲ್ಲಿ ಬಂತು. ಮೆದುಳು ಮೊದಲೇ ಲೆಕ್ಕ ಹಾಕಿಟ್ಟಿದ್ದರೆ ಆಟಗಾರರು ಚೆಂಡು ಬೀಳಬೇಕಾಗಿದ್ದ ಜಾಗದತ್ತ ಓಡುತ್ತಿದ್ದರು. ಹಾಗೆ ಓಡಲಿಲ್ಲ. ನೇರ ಗೆರೆಯ ಸಿದ್ಧಾಂತ ಸರಿಯಿದ್ದರೆ ಚೆಂಡಿನ ಎತ್ತರ ಕೆಟ್ಟಾಗ ಅವರ ಅಡ್ಡ ಓಟವೂ ಕೆಡಬೇಕಿತ್ತು. ಎರಡಕ್ಕೂ ಅಂಥ ನಂಟು ಕಾಣಲಿಲ್ಲ. ಹಿಂದೆ ಮುಂದೆ ಓಡುವುದಕ್ಕೆ ಚಾಪ್‌ಮನ್ ಹೇಳಿದ ನಿಯಮವೇ ಹೊಂದಿತು. ಎಡಬಲಕ್ಕೆ ಬೇರೆಯೇ ಒಂದು ಹಳೆಯ ಉಪಾಯ: ಚೆಂಡು ಇರುವ ದಿಕ್ಕು ಬದಲಾಗದಂತೆ ಓಡು. ಸಮುದ್ರದಲ್ಲಿ ಎದುರಿನ ಹಡಗಿನ ದಿಕ್ಕು ಬದಲಾಗದೆ ಹತ್ತಿರವಾಗುತ್ತಿದ್ದರೆ ಡಿಕ್ಕಿ ಖಚಿತ ಎಂದು ನಾವಿಕರು ಹೆದರುತ್ತಾರೆ. ಫೀಲ್ಡರನಿಗೆ ಬೇಕಾದದ್ದು ಆ ಡಿಕ್ಕಿಯೇ.

ಈಗ ಮತ್ತೆ ಗೇಮಿಗೆ. ಮೇಸ್‌ನ ಕ್ಯಾಚನ್ನೋ, ನಮಗೆ ಹತ್ತಿರದ ಕಪಿಲ್ ದೇವ್ ಕ್ಯಾಚನ್ನೋ ಪರದೆಯ ಮೇಲೆ ಮರುಸೃಷ್ಟಿಸಬೇಕು ಅನ್ನಿ. 1983ರ ಜೂನ್ 25, ಲಾರ್ಡ್ಸ್, ವಿಶ್ವಕಪ್ ಫೈನಲ್: 183 ರನ್ ಕಾಯಬೇಕಿದ್ದ ಭಾರತ, 28 ಚೆಂಡುಗಳಲ್ಲಿ 33 ಹೊಡೆದು ಪಂದ್ಯವನ್ನು ಬೇಗ ಮುಗಿಸುವ ಉಮೇದಿನಲ್ಲಿದ್ದ ವಿವಿಯನ್ ರಿಚರ್ಡ್ಸ್, ಮದನ್ ಲಾಲ್ ಚೆಂಡನ್ನು ಮಿಡ್‌ವಿಕೆಟ್ ಮೇಲೆ ಎತ್ತಿದ್ದು, ಕಪಿಲ್ ಬೌಂಡರಿಯತ್ತ ಓಡುತ್ತ ಹೆಗಲ ಮೇಲಿಂದ ನೋಡುತ್ತ ಹಿಡಿದದ್ದು. ನಮ್ಮ ಕಿರ್ಮಾನಿ ವಿಕೆಟ್ ಹಿಂದೆ ಇದ್ದರು, ರೋಜರ್ ಬಿನ್ನಿ ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತಿದ್ದರು. ಆದರೂ ಜನ ನೆನೆಯುವುದು ಆ ಓಟವನ್ನೇ. ಗೇಮು ಮಾಡುವವರ ಸುಲಭದ ದಾರಿಯೆಂದರೆ ನಟನೊಬ್ಬನ ಮೈಗೆ ಗುರುತು ಅಂಟಿಸಿ ಓಟವನ್ನು ಸೆರೆಹಿಡಿದು, ಆ ತುಣುಕನ್ನು ಬೇಕಾದಾಗ ಬಿಡುವುದು. ನೋಡಲು ಚೆನ್ನ. ಆದರೆ ಅದರಲ್ಲಿ ಕ್ಯಾಚೂ ಇಲ್ಲ, ಕೈಬಿಡುವ ಭಯವೂ ಇಲ್ಲ.

ಕಷ್ಟದ ದಾರಿಯಲ್ಲಿ ಕಂಪ್ಯೂಟರಿಗೆ ಗೊತ್ತಿರುವುದನ್ನು ಫೀಲ್ಡರನಿಂದ ಬಚ್ಚಿಡಬೇಕು. ಸೆಕೆಂಡಿಗೆ 60 ಸಲ ಬದಲಾಗುವ ದೃಶ್ಯದಲ್ಲಿ ಹಿಂದೆ ಮುಂದೆ ಓಡಲು ಅವನಿಗೆ ಒಂದೇ ಸಂಖ್ಯೆ ಕೊಡಬೇಕು, ಚೆಂಡು ಎಷ್ಟು ಏರಿ ಕಾಣುತ್ತಿದೆ ಎಂಬುದು. ಏರಿಕೆ ಜೋರಾದರೆ ಹಿಂದೆ, ಸೊರಗಿದರೆ ಮುಂದೆ. ಓಟಕ್ಕೊಂದು ಮಿತಿ, ಕಣ್ಣು ಕಂಡದ್ದು ಕಾಲಿಗೆ ಮುಟ್ಟಲು ಕೊಂಚ ತಡ. ಬರೆಯಲು ಕೆಲವೇ ಸಾಲು. ಇಂಥ ಫೀಲ್ಡರ್ ಮೊದಲ ಕ್ಷಣದಲ್ಲಿ ತಡವರಿಸುತ್ತಾನೆ, ಯಾಕೆಂದರೆ ಆಗಿನ್ನೂ 0.35ಕ್ಕೂ 0.43ಕ್ಕೂ ಇರುವ ಅಂತರ ಹೇಳುವಂಥದ್ದಲ್ಲ. ಎದುರಿಗೇ ಬಂದ ಚೆಂಡಿಗೆ ಎರಡು ಹೆಜ್ಜೆ ಮುಂದೆ ಬಂದು ಗಕ್ಕನೆ ನಿಂತು ಹಿಂದಕ್ಕೆ ತಿರುಗುತ್ತಾನೆ, ಥೇಟ್ ತಿಕೋಟಾದ ಹುಡುಗನ ಹಾಗೆ. ದುಡ್ಡು ಕೊಟ್ಟು ಗೇಮು ಕೊಂಡವನು ಇದನ್ನು ಸಹಿಸುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ಹುಲ್ಲಿನ ಮೇಲಿನ ಆ ಗುರುತಿಗೆ ನಾನು ಹೆಚ್ಚು ಬೈಯಲಾರೆ. ಪರದೆಯಲ್ಲಿ ನಾವು ಚೆಂಡನ್ನು ನೋಡುವುದು ಫೀಲ್ಡರನ ಕಣ್ಣಿನಿಂದಲ್ಲ, ಎಲ್ಲೋ ಮೇಲಿನ ಕ್ಯಾಮರಾದಿಂದ. ಕಣ್ಣು ಬೇರೆ ಕಡೆ, ಕಾಲು ಬೇರೆ ಕಡೆ ಇದ್ದಾಗ ಚಾಪ್‌ಮನ್ ನಿಯಮ ನಡೆಯುವುದಿಲ್ಲ. ಗುರುತು ಆ ಕೊರತೆಯನ್ನು ತುಂಬುತ್ತದೆ.

ಮೇಸ್‌ನದು ಮಾತ್ರ ಈ ನಿಯಮಕ್ಕೂ ಪೂರ್ತಿ ಬಗ್ಗುವುದಿಲ್ಲ. ಅವನು ಚೆಂಡಿಗೆ ಬೆನ್ನು ಹಾಕಿದ್ದ. ನೋಡದಿದ್ದಾಗ ಏರಿಕೆ ಜೋರಾಯಿತೋ ಸೊರಗಿತೋ ತಿಳಿಯುವುದು ಹೇಗೆ? ಮೊದಲ ನೋಟದಲ್ಲಿ ಸಿಕ್ಕ ಅಂದಾಜನ್ನು ನಂಬಿ ಓಡಿ, ಕೊನೆಗೆ ಕತ್ತೆತ್ತಿ ಮತ್ತೆ ಚೆಂಡನ್ನು ಹಿಡಿದುಕೊಂಡ ಎನ್ನಬೇಕಾಗುತ್ತದೆ. ಅಂದರೆ ತೋಪಿನವನ ಲೆಕ್ಕದ ತುಣುಕೊಂದು ಎಲ್ಲೋ ಒಳಗೆ ಇದ್ದೇ ಇದೆ. ಕಿವಿಯೂ ನೆರವಾಗಿರಬಹುದು. ಬೇಸ್‌ಬಾಲಿನ ಭೌತವಿಜ್ಞಾನ ಬರೆದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಅಡೇರ್, ಬ್ಯಾಟಿನ ಸದ್ದಿನಿಂದಲೇ ಹೊಡೆತದ ಬಲ ಗೊತ್ತಾಗುತ್ತದೆ ಎಂದು ವಾದಿಸಿದ್ದ. ನೂರು ಮೀಟರ್ ದೂರಕ್ಕೆ ಸದ್ದು ಬರಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ. ಕಣ್ಣು ಇನ್ನೂ ಗೊಂದಲದಲ್ಲಿರುವಾಗ ಕಿವಿ ತೀರ್ಮಾನಿಸಿಬಿಡುತ್ತದೆ. ಗೋಲಗುಮ್ಮಟದ ಊರಿನಲ್ಲಿ ಕಿವಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೆ ಟೆನಿಸ್ ಚೆಂಡು ಹೇಗೆ ಹೊಡೆದರೂ ‘ಧಪ್’ ಎನ್ನುತ್ತದೆ, ಆ ಸುಳಿವು ನಮ್ಮ ಹುಡುಗರಿಗೆ ಸಿಗುವುದಿಲ್ಲ.

ಚಾಪ್‌ಮನ್ ಮಾತನ್ನು ಪರೀಕ್ಷಿಸಲು ಬ್ರೌನ್ ವಿಶ್ವವಿದ್ಯಾಲಯದ ಕೋಣೆ ಬೇಕಿಲ್ಲ. ಬಬಲೇಶ್ವರದ ಯಾವುದೇ ಶಾಲೆಯ ಮೈದಾನ, ಒಂದು ಮೊಬೈಲು, ಅದನ್ನು ನೆಟ್ಟಗೆ ನಿಲ್ಲಿಸಲು ಒಂದು ಸ್ಟ್ಯಾಂಡು ಸಾಕು. ಕ್ಯಾಮರಾ ನೆಲಕ್ಕೆ ಸಮನಾಗಿ ಬ್ಯಾಟ್ಸ್‌ಮನ್ ಕಡೆ ನೋಡುತ್ತಿರಲಿ. ಹಾಗಿಟ್ಟಾಗ ಪರದೆಯ ನಡುಗೆರೆಯಿಂದ ಚೆಂಡು ಎಷ್ಟು ಮೇಲಿದೆ ಎಂಬುದು ಅದೇ ‘ಟ್ಯಾನ್’ ಬೆಲೆಯ ಅಳತೆ, ಬೇರೆ ಲೆಕ್ಕವೇ ಬೇಡ. ಮೊದಲ ಎರಡು ಸೆಕೆಂಡು ಚೆಂಡು ಹೆಚ್ಚು ಕಡಿಮೆ ಚೌಕಟ್ಟಿನೊಳಗೇ ಇರುತ್ತದೆ. ಆಮೇಲೆ ವಿಡಿಯೊ ನಿಧಾನ ಓಡಿಸಿ, ಪ್ರತಿ ಚೌಕಟ್ಟಿಗೂ ಚೆಂಡಿನ ಜಾಗವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಗೆರೆ ಮೇಲಕ್ಕೆ ಬಾಗಿದೆಯೋ, ಕೆಳಕ್ಕೆ ಬಾಗಿದೆಯೋ, ನೇರವಿದೆಯೋ ಕಾಣುತ್ತದೆ. ಒಂದು ಎಚ್ಚರಿಕೆ: ವಿಡಿಯೊ ತೆಗೆಯುತ್ತಿರುವಾಗಲೇ ಚೆಂಡು ಪರದೆಯ ಮೇಲೆ ಪಕ್ಕಕ್ಕೆ ಸರಿಯದೆ ಒಂದೇ ಗತಿಯಲ್ಲಿ ಏರತೊಡಗಿದರೆ, ಮೊಬೈಲು ಎತ್ತಿಕೊಂಡು ಸರಿಯುವುದು ಒಳ್ಳೆಯದು.